ಹೊಲ ನೋಡಲು ಬಂದ ಸಾಯ್ಕಲ್ಲಿನವನು

"ಹುಲ್ಲುಲ್ಲಿಗೋ...!"

ಗಂಟಲು ಬಿಚ್ಚಿ ಕೂಗುತ್ತ ಶಿವಲಿಂಗವ್ವ ಬುಟ್ಟಿಯಿಂದ ಮುಷ್ಟಿ ತುಂಬ ಚರಗ ತೆಗೆದು, ಆಳೆತ್ತರ ನಿಂತಿದ್ದ ಜೋಳದ ಮೇಲಿಂದ ಬೀಸಿ ಎಸೆದಳು.

ಜೋಳದ ಆಚೆಯಿಂದ "ಎವ್ವಾ!" ಎಂಬ ಗಂಡುದನಿ. ಅದರ ಹಿಂದೆಯೇ ಏನೋ ದಡಕ್ಕನೆ ಬಿದ್ದ ಸದ್ದು. ಆಮೇಲೆ ಸಾಯ್ಕಲ್ಲಿನ ಗಂಟೆಯೊಂದು ತಾನಾಗಿಯೇ 'ಟಿಣ್' ಎಂದು ಸುಮ್ಮನಾಯಿತು.

ಭೂಮಿತಾಯಿಗೆ ಎಸೆದ ಎಡೆ ಯಾರ ತಲೆಗೆ ಹೋಯಿತೋ!

ಅದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಎಳ್ಳಮವಾಸ್ಯೆಯ ದಿನ. ಹುನಗುಂದದಿಂದ ಐಹೊಳೆಯ ಕಡೆಗೆ ಹೋಗುವ ಬಂಡಿದಾರಿಯ ಎರಡೂ ಬದಿ ಊರಿಗೆ ಊರೇ ಹೊಲದಲ್ಲಿತ್ತು. ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಚೆಲ್ಲುವ ಕೆಲಸ ಗಂಡಸರದು. ಆದರೆ ಈರಪ್ಪನಿಗೆ ಇದ್ದದ್ದು ಒಬ್ಬಳೇ ಮಗಳು. ಚಿಕ್ಕಂದಿನಿಂದಲೂ ಮುಂದೆ ಚರಗ ಚೆಲ್ಲುವವಳು ಅವಳು, ಹಿಂದೆ ನೀರು ಚಿಮುಕಿಸುವವನು ಅಪ್ಪ.

ದಂಟು ಸರಿಸಿ ನೋಡಿದಳು. ಬಂಡಿದಾರಿಯ ಮಣ್ಣಿನಲ್ಲಿ ಸಾಯ್ಕಲ್, ಸಾಯ್ಕಲ್ಲಿನ ಪಕ್ಕ ಒಬ್ಬ ತರುಣ. ಬಿಳಿ ಅಂಗಿ. ಹಣೆಗೆ ಅಂಟಿದ ಸಜ್ಜೆಯ ಕಡುಬು. ಕಿವಿಯ ಮೇಲೆ ಪುಂಡಿಪಲ್ಯ.

ನಗು ಉಕ್ಕಿ ಬಂತು. ತಡೆದುಕೊಳ್ಳಲು ಸಿಟ್ಟು ಮಾಡಿದಳು.

"ಬಂಡಿದಾರ್ಯಾಗ ಯಾರರೆ ಸಾಯ್ಕಲ್ ತರತಾರೇನ್ರಿ? ಡಾಂಬರ ರಸ್ತೆ ಕಾಣಲಿಲ್ಲೇನ ನಿಮಗ?"

"ಅಲ್ಲಿ ಲಾರಿ ಅದಾವ್ರಿ..."

"ಇಲ್ಲಿ ನಾ ಅದೇನಿ!"

"ಲಾರಿಯವರು ಹಾರ್ನರೆ ಹೊಡೀತಾರ್ರಿ," ಎಂದು ಅವನು ಹಣೆಯ ಕಡುಬು ಕಿತ್ತು ನೋಡಿದ. ನೋಡಿದವನು ಸುಮ್ಮನಿರದೆ ಬಾಯಿಗೆ ಹಾಕಿಕೊಂಡ!

"ಅಯ್ಯ! ಅದು ಚರಗರೀ!"

"ನನ್ನ ಹಣಿಗೆ ಬಿದ್ದೈತಿ ಅಂದ ಮ್ಯಾಲೆ ನಂದ... ಬೆಲ್ಲ ಸ್ವಲ್ಪ ಕಡಿಮಿ ಆಗೇತ್ರಿ."

ಆ ಕಡುಬು ಮಾಡಿದವಳು ಅವಳೇ. ಈಗ ಬಂದದ್ದು ನಿಜವಾದ ಸಿಟ್ಟು.

ಅಷ್ಟರಲ್ಲಿ ತಂಬಿಗೆ ಹಿಡಿದು ಬಂದ ಈರಪ್ಪ ಒಂದು ನೋಟದಲ್ಲೇ ಎಲ್ಲ ತಿಳಿದುಕೊಂಡ. "ಏಳ್ರಿ ತಮ್ಮಾ, ಬರ್ರಿ. ಇವತ್ತ ಹೊಲದ ಮುಂದ ಬಂದಾವರು ಉಣಲಾರದ ಹೋಗೂಹಂಗಿಲ್ಲ. ಶಿವಲಿಂಗೀ, ಕೈ ತೊಳ್ಯಾಕ ನೀರ ಕೊಡು. ನೀನ ಕೆಡವೀದಿ, ನೀನ ನೀಡು."

ಬೇವಿನ ಗಿಡದ ನೆರಳಿಗೆ ಕಂಬಳಿ ಹಾಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅವನು ಹಸಿದವನ ಹಾಗೆ ಉಣ್ಣುವುದನ್ನು ನೋಡಿ ತಾಯಿ ಗುರುಲಿಂಗವ್ವ ಇನ್ನೊಂದು ಹೋಳಿಗೆ ಹಾಕಿಸಿದಳು.

ಹೆಸರು ಅಮಾತೆಪ್ಪ. ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್. ತಂದೆ ತಾಯಿ ಇಲ್ಲ, ಬೆಳೆಸಿದವಳು ಸೋದರತ್ತೆ.

"ಈಗ ಎಲ್ಲಿಗಿ ಹೊಂಟಿದ್ರಿ?" ಈರಪ್ಪ ಕೇಳಿದ.

"ಎಲ್ಲಿಗೂ ಇಲ್ರಿ."

"ಎಲ್ಲಿಗೂ ಇಲ್ಲಂದ್ರ?"

"ಸುಮ್ನ ತಿರಗತೇನ್ರಿ. ಸೂಟಿ ಇದ್ದಾಗೊಮ್ಮೆ ಬದಾಮಿ ಕಡೆ, ಇಳಕಲ್ಲ ಕಡೆ, ಒಮ್ಮೊಮ್ಮೆ ಬಾಗಲಕೋಟಿ ತನಕ. ಡಾಂಬರ ಹತ್ತೂದಿಲ್ಲ. ಎಲ್ಲಾ ಹೊಲದ ದಾರ್ಯಾಗ. ವಾರೆಲ್ಲ ಕೋರ್ಟಿನಾಗ ಮಂದಿ ಜಗಳಾನ ಬಡಿತೇನ್ರಿ ಮಿಷನ್ನಿನಾಗ... ಇಲ್ಲಿ ಬಂದ್ರ ಕಿವಿ ತಣ್ಣಗಾಗತಾವ."

ಗುರುಲಿಂಗವ್ವ ಮಗಳ ಕಿವಿಯಲ್ಲಿ ಉಸುರಿದಳು. "ಪಾಪ, ನೋಡಾಕ ಎಷ್ಟ ಚಂದ ಅದಾನ. ತಲಿಗೆ ಏನರೆ ಪೆಟ್ಟ ಬಿದ್ದಿತ್ತೇನೋ."

ಶಿವಲಿಂಗವ್ವ ಈ ಸಲ ನಗು ತಡೆಯಲಿಲ್ಲ. ಆದರೆ ಉಂಡೆದ್ದವನು ಬಾವಿಯ ನೀರು ಕುಡಿದು, "ಭಾಳ ಸಿಹಿ ನೀರ್ರೀ... ಎಷ್ಟ ಎಕರೆ ಹೊಲ ನಿಮ್ದು?" ಎಂದದ್ದೇ ತಡ, ಅವಳ ನಗು ಮುಖದ ಮೇಲೆಯೇ ಒಣಗಿತು.

ಆ ಪ್ರಶ್ನೆ ಅವಳಿಗೆ ಚೆನ್ನಾಗಿ ಗೊತ್ತು.

ಆ ಕಡೆ ಹೆಣ್ಣು ನೋಡಲು ಬರುವ ಮೊದಲು ಗಂಡಿನವರು ಒಬ್ಬನನ್ನು ದಾರಿಹೋಕನ ಹಾಗೆ ಕಳಿಸುತ್ತಾರೆ. ನೀರು ಕೇಳುವ ನೆವ, ಎತ್ತು ಕೊಳ್ಳುವ ನೆವ. ಅವನು ಹೊಲ ನೋಡುತ್ತಾನೆ, ಬಾವಿ ನೋಡುತ್ತಾನೆ, ಹೋಗಿ ಸುದ್ದಿ ಹೇಳುತ್ತಾನೆ. ಅವನಿಗೆ ಒಪ್ಪಿಗೆಯಾದರೆ ಮುಂದಿನ ಮಾತು. ಹೋದ ವರ್ಷ ಹಾಗೆಯೇ ಒಬ್ಬ ಬಂದಿದ್ದ. ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡಿದ, ಮಣ್ಣು ಹಿಡಿದು ಮೂಸಿದ, ಅವಳು ನೀಡಿದ ರೊಟ್ಟಿ ತಿಂದ. ಹೋಗುವಾಗ ಅವಳ ಮುಖದ ಕಡೆ ಒಮ್ಮೆಯೂ ನೋಡಲಿಲ್ಲ! 'ಹೊಲ ಚಲೋ ಐತಿ' ಎಂದು ಹೇಳಿ ಕಳಿಸಿದ ಆ ಸಂಬಂಧವನ್ನು ಅವಳು ಅತ್ತು ಕರೆದು ಬಿಡಿಸಿದ್ದಳು.

"ಖರೆ ಹೇಳ್ರಿ. ಯಾರು ಕಳಿಸ್ಯಾರ ನಿಮ್ಮನ್ನ?" ನೇರವಾಗಿ ಕೇಳಿಯೇ ಬಿಟ್ಟಳು.

ಅವನು ಕಣ್ಣು ಪಿಳುಕಿಸಿದ. "ನಮ್ಮತ್ತಿ ಕಳಿಸ್ಯಾಳ್ರಿ. ಮನ್ಯಾಗ ಕುಂತು ನನ್ನ ತಲಿ ತಿನಬ್ಯಾಡ, ಎಲ್ಲಿಗರೆ ಹೋಗು ಅಂತ."

ಆ ಮುಖದಲ್ಲಿ ಕಪಟವಿರಲಿಲ್ಲ. ಅವಳು ಅವನ ಕಣ್ಣನ್ನೇ ನೋಡಿದಳು. ಅವನೂ ನೋಡಿದ. ಎತ್ತನ್ನಲ್ಲ, ಮಣ್ಣನ್ನಲ್ಲ... ಅವಳನ್ನೇ!

* * *

ಮುಂದಿನ ರವಿವಾರ ಬಂಡಿದಾರಿಯಲ್ಲಿ ಮತ್ತೆ ಗಂಟೆ ಕೇಳಿತು. ಅದರ ಮುಂದಿನ ರವಿವಾರವೂ.

"ಏನ್ರಿ, ಎಲ್ಲಿಗೂ ಹೋಗಲಾರದ ದಾರಿ ನಮ್ಮ ಹೊಲದ ಮುಂದ ಹಾದೈತೇನ?" ಅವಳು ಕೆಣಕುತ್ತಿದ್ದಳು.

"ದಾರಿ ಹಂಗ ಐತ್ರಿ. ನಂದೇನ ತಪ್ಪಿಲ್ಲ."

ಅವಳು ಕಡಲೆ ಹೊಲದ ಬದುವಿನ ಮೇಲೆ ಕೂತು ಕೇಳುತ್ತಿದ್ದಳು, ಅವನು ಸಾಯ್ಕಲ್ಲಿಗೆ ಒರಗಿ ಹೇಳುತ್ತಿದ್ದ. ಅವಳು ಕಂಡದ್ದು ಹುನಗುಂದದ ಸಂತೆ, ಅಮೀನಗಡದ ಸೋದರಮಾವನ ಮನೆ, ಇಷ್ಟೇ. ಅವನು ಹೇಳುವ ಬದಾಮಿಯ ದಾರಿಯಲ್ಲಿ ಬೆಳಗಿನ ಬಿಸಿಲಿಗೆ ಗುಡ್ಡಗಳೆಲ್ಲ ಕೆಂಡದ ಹಾಗೆ ಕಾಣುತ್ತಿದ್ದವು. ಇಳಕಲ್ಲಿನ ಕಡೆ ಹೋದರೆ ಊರು ಕಣ್ಣಿಗೆ ಬೀಳುವ ಮೊದಲೇ ಮಗ್ಗದ ಸಪ್ಪಳ ಕೇಳುತ್ತಿತ್ತು. ಕುಸುಬೆ ಹೂಬಿಟ್ಟ ಹೊಲಗಳ ನಡುವೆ ಗಂಟೆಗಟ್ಟಲೆ ಹೋದರೂ ಒಂದು ಮೋಟಾರು ಎದುರಾಗುತ್ತಿರಲಿಲ್ಲ. ಒಂದು ಬಂಡಿ, ನಾಲ್ಕು ಕುರಿ, ಹಾರಿಹೋಗುವ ಬೆಳವದ ಹಕ್ಕಿ... ಅಷ್ಟೇ.

"ಒಬ್ಬರ ಹೋಗಾಕ ಬ್ಯಾಸರ ಬರೂದಿಲ್ಲೇನ್ರಿ?"

"ಮೊದಲ ಬರತಿರಲಿಲ್ಲ," ಎಂದ ಅಮಾತೆಪ್ಪ. ಬಗ್ಗಿ ಸಾಯ್ಕಲ್ಲಿನ ಚೈನು ನೋಡತೊಡಗಿದ.

ಮೊದಲ ಬರತಿರಲಿಲ್ಲ... ಅಂದ್ರ ಈಗ? ಆ ದಿನವೆಲ್ಲ ಅವಳು ಕಳೆ ತೆಗೆಯುತ್ತ ಕಡಲೆ ಗಿಡವನ್ನೇ ಕಿತ್ತಳು.

ಕಳ್ಳಿ ಸಾಲಿನ ಆಚೆಯ ಹೊಲದ ದುರಗವ್ವ ಇದನ್ನೆಲ್ಲ ನೋಡುತ್ತಿದ್ದಳು. ಶಿವಲಿಂಗವ್ವನ ಜೊತೆಗೇ ಬೆಳೆದವಳು, ಮದುವೆಯಾಗಿ ಅದೇ ಊರಲ್ಲೇ ಉಳಿದವಳು. "ಏ ಹುಡುಗೀ, ಆ ಸಾಯ್ಕಲ್ಲಿಗೆ ನಿಮ್ಮ ಹೊಲದ ಮುಂದನ ಯಾಕ ಗಾಳಿ ಇಳೀತೈತಿ?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಒಂದು ರವಿವಾರ ಹೇಳದೆ ಕೇಳದೆ ಮಳೆ ಬಂತು. ಎರೆಮಣ್ಣಿಗೆ ನೀರು ಬಿದ್ದರೆ ಕೇಳಬೇಕೇ! ಅಂಟಿನ ಹಾಗೆ ಗಾಲಿಗೆ ಹತ್ತಿತು, ಮಡ್‌ಗಾರ್ಡಿನೊಳಗೆ ತುಂಬಿತು, ಗಾಲಿ ತಿರುಗುವುದನ್ನೇ ಬಿಟ್ಟಿತು. ಅಮಾತೆಪ್ಪ ಸಾಯ್ಕಲ್ಲನ್ನು ಹೆಗಲ ಮೇಲೆ ಹೊತ್ತು, ಪ್ರತಿ ಹೆಜ್ಜೆಗೂ ಒಂದೊಂದು ಸೇರು ಮಣ್ಣು ಎತ್ತುತ್ತ ಅವರ ಮನೆಯ ಬಾಗಿಲಿಗೆ ಬಂದ.

"ಮಣ್ಣ ಆರೂತನಕ ಇಲ್ಲೇ ಇರಲ್ರಿ ಇದು," ಎಂದ ಈರಪ್ಪನಿಗೆ. "ನಾ ಡಾಂಬರಿಗೆ ನಡಕೊಂಡ ಹೋಗಿ ಬಸ್ಸ ಹಿಡೀತೇನಿ."

ಹೋಗುತ್ತ ಒಮ್ಮೆ ಹಿಂದೆ ತಿರುಗಿದ. ನೋಡಿದ್ದು ಸಾಯ್ಕಲ್ಲನ್ನೋ, ಅದರ ಹ್ಯಾಂಡಲ್ ಹಿಡಿದು ನಿಂತ ತನ್ನನ್ನೋ... ಅವಳಿಗೆ ತಿಳಿಯಲಿಲ್ಲ.

ಆಮೇಲಿನ ರವಿವಾರ ಅವನು ಬರಲಿಲ್ಲ.

'ಬರ್ತಾರ, ಮಣ್ಣು ಇನ್ನೂ ಹಸಿ ಐತಿ,' ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನಗಳಲ್ಲಿ ಅವಳನ್ನು ಉಳಿಸಿದ್ದು ಆ ಸಾಯ್ಕಲ್ಲೇ. ಸೀರೆಗೆ ಕಚ್ಚೆ ಹಾಕಿ, ದುರಗವ್ವನನ್ನು ಹಿಂದೆ ಹಿಡಿದುಕೊಳ್ಳಲು ಹಚ್ಚಿ, ಹಾಳುಬಿದ್ದ ಕಣದಲ್ಲಿ ಕಲಿತೇ ಬಿಟ್ಟಳು! ಮೊಣಕಾಲು ತರಚಿತು, ಬಳೆ ಒಡೆದವು. ಆದರೂ ಒಂದು ಸಂಜೆ ದುರಗವ್ವ ಕೈ ಬಿಟ್ಟದ್ದು ಗೊತ್ತಾಗದೆ ಕಣದ ಸುತ್ತ ತಾನೊಬ್ಬಳೇ ತಿರುಗಿದಳು. ಗಾಳಿ ಮುಖಕ್ಕೆ ಬಡಿಯಿತು. ಅವನು ಹೇಳುತ್ತಿದ್ದದ್ದು ಇದೇ ಅಲ್ಲವೇ!

ಒಂದೇ ಕೊರತೆ. ಹತ್ತಲು ಬದುವಿನ ಮೇಲೆ ನಿಂತು ಹತ್ತಬಹುದಿತ್ತು. ಇಳಿಯಲು ಬರುತ್ತಿರಲಿಲ್ಲ. ಸೀಟು ಎತ್ತರ, ನಿಂತರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಪ್ರತಿ ಸಲವೂ ದುರಗವ್ವ ಓಡಿ ಬಂದು ಹಿಡಿಯಬೇಕು. "ನಿನ್ನ ಗಂಡನಾಗಾಂವ ಮೊದಲ ಓಡಾಕ ಕಲೀಬೇಕವಾ," ಎಂದು ಏದುಸಿರು ಬಿಡುತ್ತ ಬಯ್ಯುತ್ತಿದ್ದಳು.

* * *

ಶನಿವಾರ ಸಂತೆಯಿಂದ ಬಂದ ಈರಪ್ಪ ಪಟಕಾ ಬಿಚ್ಚುವ ಮೊದಲೇ ಹೆಂಡತಿಯನ್ನು ಕರೆದ. ಮುಖ ಅರಳಿತ್ತು. ಆದರೂ ಎಲ್ಲೋ ಒಂದು ಕಡೆ ಬಾಡಿತ್ತು.

"ಹುನಗುಂದದ ಸಿದ್ದಲಿಂಗವ್ವ ಅಂತ, ಕಾಳಿನ ಅಂಗಡಿಯವರು. ಮಗ ಸಂಗನಬಸಪ್ಪಗ ನಮ್ಮ ಹುಡುಗೀನ್ನ ಕೇಳ್ಯಾರ. ಸೋಮಾರ ನೋಡಾಕ ಬರ್ತಾರಂತ."

"ಅವರಿಗೆ ನಮ್ಮ ಪರಿಚಯ ಎಲ್ಲೀದು?"

"ಆ ಸಾಯ್ಕಲ್ಲಿನ ಹುಡುಗ ಇಲ್ಲೇನ, ಅಮಾತೆಪ್ಪ? ಆಕೀ ತಮ್ಮನ ಮಗನಂತ. ಹೊಲ, ಬಾವಿ, ಎಲ್ಲಾ ನೋಡಿಕೊಂಡು ಹೋಗಿ ಹೇಳ್ಯಾನ. ಭಾಳ ಚಲೋ ಹೇಳ್ಯಾನಂತ... ನಾನೂ ಹೂಂ ಅಂದೆ. ನಮಗೂ ವಯಸ್ಸಾತು. ಆಕಿ ಹೋದ ಮ್ಯಾಲೆ ಹೊಲ ಯಾರಿಗರೆ ಲಾವಣಿ ಹಾಕಿದ್ರಾತು, ಗುತ್ತಿಗಿ ಮ್ಯಾಲೆ ಅವರ ಉಳತಾರ."

ಕೊನೆಯ ಮಾತು ಹೇಳುವಾಗ ಈರಪ್ಪನ ದನಿ ಬಿದ್ದುಹೋಯಿತು. ಆದರೆ ಒಲೆಯ ಮುಂದಿದ್ದ ಶಿವಲಿಂಗವ್ವನ ಕಿವಿಗೆ ಬಿದ್ದರೂ ಅದು ಮನಸ್ಸಿಗೆ ತಾಗಲಿಲ್ಲ.

ಹೊಲ ನೋಡಾಕ ಬಂದಿದ್ದ...! ಅವನೂ ಹೊಲ ನೋಡಾಕ ಬಂದಿದ್ದ!

ರೊಟ್ಟಿ ತವೆಯ ಮೇಲೆ ಕಪ್ಪಾಗುತ್ತಿತ್ತು. ಬದುವಿನ ಮೇಲೆ ಕೂತು ಕೇಳಿದ ಮಾತುಗಳೆಲ್ಲ ಒಂದೊಂದಾಗಿ ಮುಖ ತಿರುಗಿಸಿ ನಿಂತವು. 'ಎಷ್ಟ ಎಕರೆ' ಎಂದಿದ್ದ. 'ಸಿಹಿ ನೀರು' ಎಂದಿದ್ದ. ಎತ್ತಿನ ಹಲ್ಲು ನೋಡಿದವನೇ ಲೇಸು. ಅವನು ಅವಳ ಮನಸ್ಸನ್ನಂತೂ ತೆರೆದು ನೋಡಿರಲಿಲ್ಲ.

'ಕಪಟ ಇಲ್ಲ ಅಂದುಕೊಂಡೆನಲ್ಲ... ಹುಚ್ಚಿ ನಾನು.'

* * *

ಮರುದಿನ ಇಬ್ಬನಿ ಆರುವ ಮೊದಲೇ ಸಾಯ್ಕಲ್ಲನ್ನು ಬಂಡಿದಾರಿಗೆ ತಂದಳು. ಅವನ ವಸ್ತು ಅವನ ಬಾಗಿಲಿಗೆ ಎಸೆದು ಬರಬೇಕು. ಕೇಳಬೇಕಾದ್ದನ್ನು ಕೇಳಿಯೂ ಬರಬೇಕು.

ದುರಗವ್ವ ಓಡಿ ಬಂದಳು. "ಎಲ್ಲಿಗೆ? ಹುನಗುಂದಕ್ಕ? ಅಲ್ಲವಾ, ಇಳಿಯೂದು ಹ್ಯಾಂಗ?"

"ಬೀಳ್ತೇನಿ!"

ಬದುವಿನಿಂದ ಹತ್ತಿ ಹೊರಟೇಬಿಟ್ಟಳು. ದಾರಿ ಆರಿ ಗಟ್ಟಿಯಾಗಿತ್ತು. ಎರಡು ಬಂಡಿಗಾಲಿಯ ಜಾಡುಗಳ ನಡುವಿನ ಹುಲ್ಲಿನ ಮೇಲೆ ಗಾಲಿ ಸದ್ದಿಲ್ಲದೆ ಓಡಿತು. ಎಡಕ್ಕೆ ತೆನೆ ತುಂಬಿದ ಜೋಳ, ಬಲಕ್ಕೆ ಹಳದಿ ಕುಸುಬೆ, ದೂರದಲ್ಲಿ ಯಾರೋ ಹಕ್ಕಿ ಓಡಿಸುವ ಕೂಗು. ಒಂದು ಗಾಡಿಯಿಲ್ಲ, ಒಂದು ನರಪಿಳ್ಳೆಯಿಲ್ಲ. ಅಳುತ್ತಲೇ ಪೆಡಲ್ ತುಳಿದಳು. ಇಷ್ಟು ಚೆಂದದ ದಾರಿಯಲ್ಲಿ ಮೊದಲ ಸಲ ಇಂಥ ಮನಸ್ಸು ಹೊತ್ತು ಹೋಗಬೇಕಾಯಿತಲ್ಲ ಎಂದು ಇನ್ನಷ್ಟು ಅತ್ತಳು.

ಹಳ್ಳದ ಇಳಿಜಾರಿನ ಕೆಳಗೆ ಬಿಳಿ ಅಂಗಿಯೊಂದು ಕಾಣಿಸಿತು. ನಡೆದು ಬರುತ್ತಿತ್ತು. ಓಡಿ ಬರುತ್ತಿತ್ತು ಎಂದರೂ ಸರಿಯೇ.

ಅಮಾತೆಪ್ಪ!

ಏನೇನೋ ಬಯ್ಯಬೇಕೆಂದು ಕಟ್ಟಿಟ್ಟ ಮಾತೆಲ್ಲ ಇಳಿಜಾರಿನಲ್ಲಿ ಹಾರಿಹೋಯಿತು. ಸಾಯ್ಕಲ್ ಜೋರಾಯಿತು. ಬಾಯಿಂದ ಬಂದದ್ದು ಒಂದೇ ಮಾತು.

"ಹಿಡೀರಿ! ನನ್ನ ಹಿಡೀರೀ!"

ಅವನು ಅಡ್ಡ ನಿಂತ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅವಳು. ಮೂವರೂ ತಿರುಗಿ ಕುಸುಬೆಯೊಳಗೆ ನುಗ್ಗಿ ಹೇಗೋ ನಿಂತರು. ಕುಸುಬೆಯ ಮುಳ್ಳು ಇಬ್ಬರಿಗೂ ಚುಚ್ಚಿತು. ಅವನ ಎದೆ ಡವಡವ ಎನ್ನುವುದು ಅವಳ ಕಿವಿಗೇ ಕೇಳುತ್ತಿತ್ತು. ಒಂದು ಗಳಿಗೆ ಅಲ್ಲೇ ಇದ್ದಳು... ಆಮೇಲೆ ನೆನಪಾಗಿ ಎರಡೂ ಕೈಯಿಂದ ನೂಕಿದಳು.

"ಬಿಡ್ರಿ! ಹೊಲ ನೋಡಾಕ ಬಂದಿದ್ರಿ, ನೋಡಿದ್ರಿ, ಸುದ್ದಿ ಹೇಳಿದ್ರಿ. ಇನ್ನೇನ ಬೇಕು? ತಗೋರಿ ನಿಮ್ಮ ಸಾಯ್ಕಲ್ಲ!"

"ಶಿವಲಿಂಗವ್ವಾ, ಒಂದ ಮಾತ..."

"ಎಷ್ಟ ದಿನ ಕುಂತು ನಿಮ್ಮ ಮಾತ ಕೇಳೀನಿ! ಅತ್ತಿ ಮಗಗ ಹೆಣ್ಣ ನೋಡಾಕ ಬಂದೀನಿ ಅಂತ ಒಮ್ಮೆ ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತ?"

"ನಾ ನೋಡಾಕ ಬಂದಿಲ್ಲ! ಬಸವಣ್ಣನ ಆಣಿ, ನನಗೇನೂ ಗೊತ್ತಿರಲಿಲ್ಲ!"

ಅವನ ದನಿ ಒಡೆಯಿತು. ಅಂಥ ದನಿಯನ್ನು ಅವಳು ಕೇಳಿರಲಿಲ್ಲ. ನೂಕಿದ ಕೈ ಇಳಿಸಿದಳು.

"ಪ್ರತಿ ರವಿವಾರ ಮನಿಗೆ ಹೋಗಿ ಅತ್ತಿ ಮುಂದ ಹೇಳತಿದ್ದೆ," ಎಂದ ಅಮಾತೆಪ್ಪ. "ಎಂಥಾ ಕರಿ ಮಣ್ಣು ಅತ್ತಿ, ಎಂಥಾ ಸಿಹಿ ನೀರು, ಜೋಳ ಹ್ಯಾಂಗ ನಿಂತಾವ, ಬೇವಿನ ಗಿಡದ ನೆರಳು ಎಷ್ಟ ತಣ್ಣಗೈತಿ... ದಿನಾ ಅದನ್ನ ಹೇಳತಿದ್ದೆ. ಬ್ಯಾರೆ ಮಾತ ನನ್ನ ಬಾಯಾಗ ಬರತಿರಲಿಲ್ಲ. ಹೋದ ರವಿವಾರ ಅತ್ತಿ ಇಳಕಲ್ಲಿಗೆ ಕರಕೊಂಡ ಹೋದ್ಳು. ಸೀರಿ ಆರಿಸಿದ್ಳು. ಯಾರಿಗೆ ಅಂತ ಕೇಳಿದೆ. 'ನೀ ನೋಡಿಕೊಂಡ ಬಂದಿಯಲ್ಲಪಾ, ಆ ಹೊಲದ ಹುಡುಗಿಗೆ. ನಮ್ಮ ಸಂಗನಬಸಪ್ಪಗ,' ಅಂದ್ಳು."

ಶಿವಲಿಂಗವ್ವ ವಾಲುತ್ತಿದ್ದ ಸಾಯ್ಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು.

"ಹೊಲದ ಸುದ್ದಿ ಹೇಳಿದ್ರ ಅಲ್ಲಿ ಹೆಣ್ಣೈತಿ ಅಂತ ಅರ್ಥ ಅಂದುಕೊಂಡ್ಳು. ನಮ್ಮ ಮಂದಿ ಎಲ್ಲಾ ಹಂಗ ಅಲ್ಲೇನ? ನನಗ ಬಾಯಿ ಬಂದ ಆತು. ನನ್ನ ಎತ್ತಿ ಆಡಿಸಿ ಬೆಳೆಸಿದಾಕಿ. ಆಕೀ ಮಗಗ ಅಂತ ಇಟ್ಟ ಸಂಬಂಧ ನನಗ ಕೊಡು ಅಂತ ಹ್ಯಾಂಗ ಕೇಳ್ಲಿ? ವಾರೆಲ್ಲ ಉಣಲಿಲ್ಲ. ನಿನ್ನೆ ಅತ್ತಿ ನಿಮ್ಮಪ್ಪನ ಜೋಡಿ ಮಾತಾಡಿ ಬಂದ್ಳು ಅಂದಕೂಡ್ಲೆ ತಡೀಲಿಲ್ಲ. ಕಾಲ ಹಿಡದು ಹೇಳಿದೆ."

"ಏನಂದ್ರು?" ಅವಳು ಕೇಳಿದಳು.

"ಬಡದ್ಳು! ಲಟ್ಟಣಿಗಿ ತಗೊಂಡ ಬಡದ್ಳು. 'ಮೂರ್ಖಾ, ಮಣ್ಣಿನ ಸುದ್ದಿ ಹೇಳಿದಿ, ನೀರಿನ ಸುದ್ದಿ ಹೇಳಿದಿ, ಹುಡುಗಿ ಸುದ್ದಿ ಯಾಕ ಹೇಳಲಿಲ್ಲೋ!' ಅಂದ್ಳು. ಸಂಗನಬಸಪ್ಪ ಒಳಗಿಂದ ನಗಾಕ ಹತ್ತಿದ. 'ಅವ್ವಾ, ಇಂವ ಬರೇ ಹೊಲ ಹೇಳಿದಾಗನ ನನಗ ಸಂಶೆ ಬಂದಿತ್ತು,' ಅಂದ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಸೋಮಾರ ಬರೂದು ಬರ್ತೇವಿ ಅಂದಾಳ. ಯಾರ ಸಲುವಾಗಿ ಅನ್ನೂದು ಹುಡುಗಿ ಹೇಳ್ಲಿ, ಇವತ್ತ ಹೋಗಿ ಕೇಳಿಕೊಂಡ ಬಾ ಅಂದಾಳ. ಬಸ್ಸಿಗೆ ಕಾಯೂದಾಗಲಿಲ್ಲ. ನಡಕೊಂಡ ಬಂದೆ."

ಗಾಳಿ ಬೀಸಿ ಕುಸುಬೆ ಸರಸರ ಎಂದಿತು. ಅವಳ ಮನಸ್ಸು ಹೂಂ ಎಂದು ಕೂಗುತ್ತಿತ್ತು. ಆದರೆ ರಾತ್ರಿ ಮನಸ್ಸಿಗೆ ತಾಗದೆ ಹೋಗಿದ್ದ ಅಪ್ಪನ ಆ ಬಿದ್ದ ದನಿ ಈಗ ಕಿವಿಗೆ ಬಂತು. 'ಯಾರಿಗರೆ ಲಾವಣಿ ಹಾಕಿದ್ರಾತು...'

"ನಾ ಈ ಹೊಲ ಬಿಟ್ಟ ಬರೂದಿಲ್ಲ," ಎಂದಳು ಕೊನೆಗೆ. "ಸಿಟ್ಟಲ್ಲ ಇದು. ನಮ್ಮಪ್ಪಗ ನಾ ಒಬ್ಬಾಕಿ. ನಾ ಹೋದ್ರ ಆತ ಬದುವಿನ ಮ್ಯಾಲೆ ಕುಂತು ಬ್ಯಾರೆಯವರು ರಂಟೆ ಹೊಡಿಯೂದನ್ನ ನೋಡಬೇಕು. ನೀವಾದ್ರ ಎಲ್ಲೆಲ್ಲೋ ತಿರಗಾವರು. ನಿಲ್ಲೂದ ಗೊತ್ತಿಲ್ಲ ನಿಮಗ."

"ನೀ ಯಾಕ ಬರ್ತಿ? ನಾನ ಬರ್ತೇನಿ."

"ಮನಿಅಳಿಯ ಆಗಿ? ಮಂದಿ ನಗ್ತಾರ್ರಿ."

"ಎಲ್ಲಿಗೂ ಹೋಗಲಾರದ ಸಾಯ್ಕಲ್ಲ ಹೊಡೀತಾನ ಅಂತ ಈಗೇನ ಅಳತಾರೇನ?" ಎಂದ ಅಮಾತೆಪ್ಪ. "ಮುಂಜಾನೆ ಎದ್ದು ಈ ದಾರಿ ಹಿಡದು ಕೋರ್ಟಿಗೆ, ಸಂಜಿಮುಂದ ಈ ದಾರಿ ಹಿಡದು ಮನಿಗೆ. ಶಿವಲಿಂಗೀ... ಇಷ್ಟ ವರ್ಷ ಈ ದಾರ್ಯಾಗ ತಿರಗೀನಿ, ಮುಟ್ಟೂ ಜಾಗ ಇರಲಿಲ್ಲ ನನಗ."

ಮೊದಲ ಸಲ ಅವನ ಬಾಯಲ್ಲಿ ಅಪ್ಪ ಕರೆಯುವ ಆ ಹೆಸರು. ಆದರೂ ಅವಳು ಅಷ್ಟು ಸುಲಭವಾಗಿ ಸೋಲುವವಳಲ್ಲ.

"ಒಂದ ಕೆಲಸ ಉಳಿದೈತಿ ನಿಮ್ದು."

"ಏನ?"

"ಹೊಲದ ಸುದ್ದಿ ಹೇಳೀರಿ. ಈಗ ಹುಡುಗೀದು ಹೇಳ್ರಿ. ಹ್ಯಾಂಗದಾಳ?"

ಅಮಾತೆಪ್ಪ ಕೆಂಪಾದ. ಜೋಳ ನೋಡಿದ, ಆಕಾಶ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಸಿಟ್ಟು ಭಾಳ."

"ಹೂಂ."

"ಹತ್ತತಾಳ, ಇಳ್ಯಾಕ ಬರೂದಿಲ್ಲ."

"ಅದನ್ನ ಬಿಡ್ರಿ. ಮತ್ತ?"

"ಮತ್ತ... ಅತ್ತಾಗ ಮೂಗ ಕೆಂಪಾಗತೈತಿ. ನಕ್ಕಾಗ ಏನ ಆಗತೈತಿ ಅಂತ ಹೇಳಾಕ ನನಗ ಬರೂದಿಲ್ಲ. ಅದಕ್ಕ ಅತ್ತಿ ಮುಂದ ಬರೇ ನೀರಿನ ಸುದ್ದಿ ಹೇಳತಿದ್ದೆ."

ಶಿವಲಿಂಗವ್ವ ತಲೆ ತಗ್ಗಿಸಿದಳು. ಅವನ ಅಂಗಿಯ ತೋಳಿಗೆ ಸಿಕ್ಕಿದ್ದ ಕುಸುಬೆಯ ಮುಳ್ಳನ್ನು ಮೆಲ್ಲಗೆ ಬಿಡಿಸಿದಳು. ಬಿಡಿಸಿದ ಮೇಲೂ ಕೈ ಅಲ್ಲೇ ಇತ್ತು.

"ನಾಳೆ ಯಾರ ಸಲುವಾಗಿ ಬರಬೇಕಂತ ಅತ್ತಿಗೆ ಹೇಳ್ಲಿ?" ಅವನು ಕೇಳಿದ.

"ನಿಮ್ಮ ಅತ್ತಿಗೆ ಏನರೆ ಹೇಳ್ರಿ. ಮೊದಲ ನಮ್ಮಪ್ಪಗ ಹೇಳೋಣ ನಡೀರಿ. ರಾತ್ರಿ ಆತ ರೊಟ್ಟಿ ಮುಟ್ಟಿಲ್ಲ."

"ನೀ?"

"ನಾನೂ ಮುಟ್ಟಿಲ್ಲ."

"ಹಂಗಾದ್ರ ಕುಂಡ್ರು ಹಿಂದ. ಲಗೂನ ಹೋಗೂಣು."

ಅವಳು ಸಾಯ್ಕಲ್ಲಿನ ಹ್ಯಾಂಡಲ್ ಬಿಡಲಿಲ್ಲ. ಇಬ್ಬರ ನಡುವೆ ಅದನ್ನು ನಿಲ್ಲಿಸಿ ಊರಿನ ಕಡೆಗೆ ತಿರುಗಿಸಿದಳು.

"ಲಗೂ ಯಾಕ್ರಿ?" ಎಂದಳು, ಅವನ ಕಡೆ ನೋಡದೆ. "ನಡಕೋತ ಹೋಗೂಣು."